ಆರಡಿ ಕೊಳವೆ

ಕೊಲಂಬಿಯಾ ನದಿ ಕಡಲಿಗೆ ಬಾಯಿ ತೆರೆಯುವಲ್ಲಿ
ಅಸ್ಟೋರಿಯಾ ಎಂಬ ಗುಡ್ಡದೂರು.
ಅಕ್ಟೋಬರಿನಲ್ಲಿ ಹಿಡಿದ ಮಳೆ
ಮೇ ತಿಂಗಳವರೆಗೆ ಬಿಡುವುದನ್ನೇ ಮರೆಯುತ್ತದೆ.
ಕೊಡೆ ಬಿಚ್ಚಿದವ ಇಲ್ಲಿ ಹೊರಗಿನವ.

ಐಲಿ ಕೊಸ್ಕೆಲಾ, ಐವತ್ತೆಂಟು ವಯಸ್ಸು,
ಮಾರಾಟಕ್ಕಿಟ್ಟ ಮನೆಗಳ ನಾಡಿ ನೋಡುವವಳು.
ಏಣಿ, ಟಾರ್ಚು, ಹಿಡಿ ಸವೆದ ಸ್ಕ್ರೂಡ್ರೈವರು,
ತೇವ ಅಳೆಯುವ ಎರಡು ಹಲ್ಲಿನ ಯಂತ್ರ.
ಆದರೂ ಯಾವ ಮನೆಗೇ ಆಗಲಿ
ಮೊದಲು ಒಳಹೋಗುವುದು ಅವಳ ಮೂಗು.

ಈ ಮನೆಗೆ ಹೊಸ ಬಣ್ಣ, ಕೆನೆಯಂಥದು.
ಮಾರುವವನು ಹಾಲ್ವರ್ಸನ್, ಬಾಗಿಲಲ್ಲೇ ಹೇಳಿಬಿಟ್ಟ:
"ಹನ್ನೊಂದು ವರ್ಷ. ಒಂದು ಹನಿ ಸೋರಿಲ್ಲ."
ಒಲೆಯ ಮೇಲೆ ದಾಲ್ಚಿನ್ನಿ ಕುದಿಯುತ್ತಿತ್ತು.
ದಾಲ್ಚಿನ್ನಿ ಕುದಿಯುವ ಮನೆಯಲ್ಲಿ ಐಲಿ
ಮಾತಾಡದೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಾಳೆ.

ಕೊಳ್ಳಬಂದ ರೊಸಾಲ್ಬಾ ಆಗಲೇ
ಕಿಟಕಿಗೆ ಪರದೆಯ ಅಳತೆ ಹಿಡಿಯುತ್ತಿದ್ದಳು;
ಅವಳ ಗಂಡ ಟಾಡ್ ಟೇಪಿನ ಇನ್ನೊಂದು ತುದಿ.

ಮಾಡಿನ ಉತ್ತರ ಇಳಿಜಾರಲ್ಲಿ ಪಾಚಿ,
ಬೆಕ್ಕು ಮಲಗಿದರೆ ಏಳದಷ್ಟು ದಪ್ಪ.
ಸೂರಿನ ದೋಣಿಯಲ್ಲಿ ಎಲೆಗಳು ಕೊಳೆತು ಮಣ್ಣಾಗಿ
ಗೇಣುದ್ದದ ಆಲ್ಡರ್ ಸಸಿಯೊಂದು
ಬಾಡಿಗೆ ಕೊಡದ ಒಕ್ಕಲಿನಂತೆ ನೆಮ್ಮದಿಯಾಗಿತ್ತು.
ಅಟ್ಟದಲ್ಲಿ ಬಚ್ಚಲ ಫ್ಯಾನಿನ ಕೊಳವೆ
ಹೊರದಾರಿ ಕಾಣದೆ ನಡುವಲ್ಲೇ ನಿಂತಿದೆ;
ಹನ್ನೊಂದು ವರ್ಷದ ಬಿಸಿನೀರ ಸ್ನಾನವೆಲ್ಲ
ಹಲಗೆಗಳ ಮೇಲೆ ಕಪ್ಪು ಚುಕ್ಕಿಯಾಗಿ ಕೂತಿದೆ.
ಹಿತ್ತಿಲ ಕಟ್ಟೆ ಗೋಡೆಗೆ ಸೇರುವಲ್ಲಿ
ಇರಬೇಕಾದ ತಗಡಿನ ಪಟ್ಟಿ ಇಲ್ಲ.
ಸ್ಕ್ರೂಡ್ರೈವರ್ ಒತ್ತಿದಳು. ಹಿಡಿಯವರೆಗೂ ಹೋಯಿತು.

"ಇದು ಮರ ತಾನೆ?" ಎಂದ ಟಾಡ್.
"ಆಗಿತ್ತು," ಎಂದಳು ಐಲಿ.

ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎನ್ನುತ್ತೇವೆ ನಾವು.
ಊರಿಗೆ ಬಂದ ನೀರು
ಮನೆಗೆ ಬಾರದಿದ್ದೀತೆ?
ಅದಕ್ಕೆ ಬಾಗಿಲು ಬೇಡ, ಮೊಳೆಯ ತೂತು ಸಾಕು,
ಅವಸರವಂತೂ ಇಲ್ಲವೇ ಇಲ್ಲ.

ಆಮೇಲೆ ಕೆಳಗೆ, ನೆಲಹಲಗೆಯಡಿಯ ಕತ್ತಲಿಗೆ,
ಮೊಣಕೈ ಊರಿ, ಹೊಟ್ಟೆ ಎಳೆದು.
ಹರಿದ ಪ್ಲಾಸ್ಟಿಕ್ಕು, ಇಲಿ ಹಿಕ್ಕೆ,
ಯಾರೋ ಕಳೆದುಕೊಂಡ ಹಸಿರು ಗೋಲಿ.
ಮೂಲೆಯ ತೊಲೆಗೆ ಟಾರ್ಚು ತಿರುಗಿಸಿದರೆ
ಹಳದಿ ಸೀಮೆಸುಣ್ಣದ ಬರಹ:
"ತೇವ ೧೯. ಮಾಡಿನ ನೀರು ಬುಡಕ್ಕೇ ಬೀಳುತ್ತಿದೆ.
ಕೊಳವೆ ಆರಡಿ ಉದ್ದ ಮಾಡಿ. ಐ.ಕೊ."

ಅವಳದೇ ಅಕ್ಷರ.
ಮನೆ ಆಗ ನೀಲಿಯಿತ್ತು, ಅದಕ್ಕೇ ಗುರುತು ಹತ್ತಿರಲಿಲ್ಲ.
ಅಕ್ಷರಗಳು ಆಗ ನೆಟ್ಟಗಿದ್ದವು, ಮೊಣಕಾಲೂ.
ಯಂತ್ರದ ಹಲ್ಲು ಚುಚ್ಚಿದಳು: ಮೂವತ್ತನಾಲ್ಕು.
ತಲೆಯ ಮೇಲೆ ಹಾಲ್ವರ್ಸನ್ನನ ಹೆಜ್ಜೆ, ರೊಸಾಲ್ಬಾಳ ನಗು.
ಅವನೂ ಅಂದು ಹೀಗೇ ಕೊಳ್ಳಬಂದವ,
ಪಕ್ಕದಲ್ಲೊಬ್ಬಳು, ಮಾರಿಟ್ ಎಂದೇನೋ ಹೆಸರು,
ವರದಿಯ ಹಾಳೆ ನೆನೆಯದಂತೆ ಕೋಟಿನೊಳಗಿಟ್ಟುಕೊಂಡಿದ್ದಳು.
ಇಂದು ಮನೆಯಲ್ಲಿ ಒಂದೇ ಜೊತೆ ಬೂಟು.

ಹಳೆಯ ಸಾಲಿನ ಕೆಳಗೆ ಹೊಸ ಸಂಖ್ಯೆ ಬರೆದಳು,
ಅದರ ಕೆಳಗೆ
ಇನ್ನೊಂದು ಸಾಲಿಗೆ ಜಾಗ ಬಿಟ್ಟಳು.

ಹೊರಬಂದಾಗ ಹಾಲ್ವರ್ಸನ್ ಅವಳ ಕೆಸರು ನೋಡಿದ,
ಮುಖ ನೋಡಿದ, ನೆನಪಾಯಿತು.
"ಯಾವುದಾದರೂ ಶನಿವಾರ ಮಾಡೋಣ ಅಂತಿದ್ದೆ."
ಐಲಿ ಯಾವ ಶನಿವಾರ ಎಂದು ಕೇಳಲಿಲ್ಲ.
ಅವಳ ಮನೆಯ ಅಟ್ಟದಲ್ಲೂ ಒಂದು ಬಕೆಟ್ಟಿದೆ,
ಯಾವ ವರದಿಯಲ್ಲೂ ಇಲ್ಲದ್ದು.

"ಕೊಳವೆಗೆ ಎಷ್ಟಾಗುತ್ತೆ?" ರೊಸಾಲ್ಬಾ ಕೇಳಿದಳು.
"ಹದಿನಾಲ್ಕು ಡಾಲರು."
ಅವಳು ಅಳತೆ ಟೇಪನ್ನು ಅಲ್ಲೇ ಬಿಟ್ಟು ಮಳೆಗಿಳಿದಳು,
ಗೋಡೆಗೆ ಹಿಮ್ಮಡಿ ಒತ್ತಿ
ಅಡಿಗೆ ಅಡಿ ಇಟ್ಟು ಎಣಿಸಿದಳು,
ಒಂದು, ಎರಡು, ಮೂರು, ನಾಲ್ಕು.
ಐದಕ್ಕೆ ಬೇಲಿ ಬಂತು.
ಬೇಲಿಯಾಚೆ ನೆರೆಯವರ ಗುಲಾಬಿ.

ಹನ್ನೊಂದು ವರ್ಷ, ಎರಡು ಸಲ, ಆರಡಿ ಎಂದು ಬರೆದವಳು
ತಲೆಯೆತ್ತಿ ಬೇಲಿಯನ್ನು ನೋಡಿದಳು,
ಮೊದಲ ಸಲ.