ಕಿಟಕಿಯಿರುವ ಲಕೋಟೆ

ಡೇರಲ್, ನೀನು ಕೊಟ್ಟಿದ್ದು ಬಂದಿದೆ.
ನನ್ನ ಕೈಗಲ್ಲ.
ಬಂದಿದೆ ಎಂಬ ಸುದ್ದಿ ಬಂದಿದೆ
ಪುಟ್ಟ ಕಿಟಕಿಯಿರುವ ಬಿಳಿ ಲಕೋಟೆಯಲ್ಲಿ,
ಕಿಟಕಿಯೊಳಗಿಂದ ನನ್ನ ಹೆಸರು ಇಣುಕುತ್ತ,
ಬಾಡಿಗೆ ಕೇಳುವವನು ಕದ ತಟ್ಟಿದಾಗ
ನಾನು ಪರದೆ ಸರಿಸಿ ಇಣುಕುವ ಹಾಗೆ.

ವಾರಕ್ಕೆ ನಲವತ್ತಮೂರು ಡಾಲರು.
ಟೈರ್ ಅಂಗಡಿಯ ಸಂಬಳ ನಿನ್ನನ್ನು ಮುಟ್ಟುವ ಮೊದಲೇ
ಕತ್ತರಿಸಿಕೊಳ್ಳುತ್ತಾರೆ, ಗೊತ್ತು.
ನಿನ್ನ ಉಗುರಸಂದಿಯ ಕಪ್ಪೂ ಗೊತ್ತು,
ಯಾವ ಸೋಪಿಗೂ ಬಗ್ಗದ್ದು.

ಗ್ಯಾರಿಯ ಆ ಕಚೇರಿಯಲ್ಲಿ, ಇಮಾನಿ
ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಗ
ನಾನು ಸಹಿ ಹಾಕಿದ್ದೆ:
ನೆರವು ಸಿಗುವಷ್ಟು ದಿನ
ಇವಳಪ್ಪ ಕೊಡುವುದೆಲ್ಲ ಸರ್ಕಾರದ್ದು.
ಓದಿಯೇ ಹಾಕಿದ್ದು. ಓದದಿದ್ದರೂ ಹಾಕುತ್ತಿದ್ದೆ.
ಆ ವಾರ ಹೀಟರಿನ ಗ್ಯಾಸು ಕಡಿದಿದ್ದರು,
ಸರೋವರದ ಕಡೆಯಿಂದ ಗಾಳಿ ಹಲ್ಲು ಮಸೆಯುತ್ತಿತ್ತು.

ಕೊಟ್ಟವನು ಕೋಡಂಗಿ ಅನ್ನುತ್ತಾರಲ್ಲ,
ಇಲ್ಲಿ ಕೊಟ್ಟವನು ಕೊಟ್ಟೇ ಇಲ್ಲ.

ಆಗಸ್ಟಿನಲ್ಲಿ ನೀನು ಬಾಗಿಲಲ್ಲಿ ನಿಂತು
ನಾಲ್ಕು ಮಡಿಕೆಯ ಇಪ್ಪತ್ತರ ನೋಟು ಚಾಚಿದೆ.
ನಾನು ಮುಟ್ಟಲಿಲ್ಲ. ಜಂಬ ಅಂದುಕೊಂಡೆ ನೀನು.
ಮುಟ್ಟಿದರೆ ಬರೆದು ಕೊಡಬೇಕು,
ಬರೆದರೆ ಅದೂ ಅವರದು,
ಬರೆಯದಿದ್ದರೆ ನಾನು ಕಳ್ಳಿ.
ಮುಂದಿನ ಸಲ ಶೂ ತಂದೆ,
ಒಂದು ಸೈಜು ದೊಡ್ಡದು. ಬೆಳೀತಾಳೆ ಬಿಡು, ಅಂದೆ.
ಶೂಗೆಂದು ಕಾಲಮ್ಮು ಇರಲಿಲ್ಲ ಆ ಹಾಳೆಯಲ್ಲಿ.
ಇತ್ತೋ ಏನೋ. ನಾನು ಹಿಂಬದಿ ತಿರುಗಿಸಿ ನೋಡಲಿಲ್ಲ.

ಇಮಾನಿಗೆ ಏಳು ತುಂಬಿತು.
ಶಾಲೆಯಲ್ಲಿ ಈಗ ಹಣದ ಲೆಕ್ಕ.
ನೋಟುಬುಕ್ಕಿನ ನಡುವೆ ಗೆರೆ ಎಳೆದು ಬರೆದಿದ್ದಾಳೆ:
ಅಮ್ಮ: ಬಸ್ಸು, ಹಾಲು, ಲಾಂಡ್ರಿಯ ಚಿಲ್ಲರೆ.
ಅಪ್ಪ: ಸೊನ್ನೆ.
ಸೊನ್ನೆಯೊಳಗೆ ಎರಡು ಕಣ್ಣು, ಒಂದು ನಗು.
ಅವಳಿಗೆ ನಿನ್ನ ಮೇಲೆ ಕೋಪವೇ ಇಲ್ಲ.
ನನಗೆ ತಡೆಯಲಾಗದೆ ಹೋದದ್ದು ಅದೇ.

ನಿನ್ನೆ ಎರಡು ಬಸ್ಸು ಬದಲಿಸಿ ಹೋದೆ.
ಶ್ರೀಮತಿ ಪ್ರೂಯಿಟ್ ಕನ್ನಡಕ ಮೂಗಿನ ತುದಿಗಿಳಿಸಿ
ನೋಡಿ, ನೀವು ಹಣದ ವಿಷಯಕ್ಕೆ ಬಂದಿದ್ದರೆ, ಎಂದು ಶುರುಮಾಡಿದಳು.
ಹಣ ಬೇಡ, ಪಟ್ಟಿ ಕೊಡಿ, ಅಂದೆ.
ಅವನು ಎಂದೆಂದು ಎಷ್ಟೆಷ್ಟು ಕಟ್ಟಿದ ಅಂತ
ತಾರೀಖು ಸಮೇತ.
ಒಂದು ಗಳಿಗೆ ನನ್ನನ್ನೇ ನೋಡಿದಳು.
ಪ್ರಿಂಟರು ಕೆಮ್ಮಿ ಕೆಮ್ಮಿ ಮೂರು ಹಾಳೆ ಉಗುಳಿತು.
ಕಾಪಿಗೆ ಒಂದು ಡಾಲರು ಎಂದು ಗೋಡೆಯ ಮೇಲೆ ಬರೆದಿತ್ತು.
ಅವಳು ತಗೊಳ್ಳಲಿಲ್ಲ.

ರಾತ್ರಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.
ಐವತ್ತೊಂದು ಶುಕ್ರವಾರ.
ನಡುವೆ ಒಂದೇ ಒಂದು ಬಿಟ್ಟುಹೋಗಿದೆ,
ನಿನ್ನ ತಾಯಿ ತೀರಿಕೊಂಡ ವಾರ.
ಇಮಾನಿ ಸ್ಟೂಲು ಹತ್ತಿ ಬೆರಳಿಟ್ಟು ಎಣಿಸಿದಳು,
ಒಂದು ಸಾಲು ತಪ್ಪಿ, ಮತ್ತೆ ಮೊದಲಿನಿಂದ.
ಮತ್ತೆ ಈ ದುಡ್ಡೆಲ್ಲ ಎಲ್ಲಿ?
ಸರ್ಕಾರ ಇಟ್ಟುಕೊಳ್ತು ಪುಟ್ಟಾ,
ನಮಗೆ ಮೊದಲೇ ಕೊಟ್ಟಿತ್ತಲ್ಲ, ಅದಕ್ಕೆ.
ಯೋಚಿಸಿದಳು, ಚಮಚ ಬಾಯಲ್ಲೇ.
ಹಾಗಾದ್ರೆ ಸರ್ಕಾರಕ್ಕೆ ಎಷ್ಟು ಜನ ಮಕ್ಕಳಮ್ಮಾ?

ನಕ್ಕೆನೋ ಏನೋ. ಒಲೆಯ ಮೇಲೆ
ನೂಡಲ್ಸಿನ ನೀರು ಉಕ್ಕಿ ಚುರ್ರೆನ್ನುತ್ತಿತ್ತು.

ಬೆಳಿಗ್ಗೆ ನೋಡಿದರೆ ಸೊನ್ನೆ ಅಳಿಸಿದ್ದಾಳೆ,
ತಿಕ್ಕಿ ತಿಕ್ಕಿ ಅಲ್ಲಿ ಕಾಗದವೇ ತೂತಾಗಿದೆ.
ನಗು ಮಾತ್ರ ಕೆಳಗಿನ ಹಾಳೆಯಲ್ಲಿ
ಬಣ್ಣವಿಲ್ಲದ ಗೀರಾಗಿ ಉಳಿದಿದೆ,
ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.
ಶನಿವಾರ ಬಂದಾಗ ತೋರಿಸುತ್ತೇನೆ.

ಅಂದಹಾಗೆ, ಶೂ ಈಗ ಸರಿಹೋಗಿದೆ.