ಸಿಕ್ಕಿಕೊಂಡ ಡಿಸ್ಕು

ಕಾರಿನ ಸ್ಟೀರಿಯೊ ರಿಪೇರಿ ನನ್ನ ಕಸುಬು.
ಊರು ಹಚಿನ್ಸನ್, ಕ್ಯಾನ್ಸಸ್ ಸೀಮೆ:
ನೆಲದಡಿಗೆ ಉಪ್ಪಿನ ಗಣಿ, ನೆಲದ ಮೇಲೆ ಗೋಧಿ,
ಗೋಧಿಯ ಮೇಲೆ ಹೇಳುವವರು ಕೇಳುವವರಿಲ್ಲದ ಗಾಳಿ.
ಈ ಕಾಲದಲ್ಲಿ ಯಾರು ಡಿಸ್ಕು ಹಾಕುತ್ತಾರೆ ಅನ್ನಬೇಡಿ.
ಹಾಕುವವರು ಹಾಕುತ್ತಾರೆ, ಅದು ಒಳಗೇ ಕಚ್ಚಿಕೊಳ್ಳುತ್ತದೆ,
ಹಲ್ಲುನೋವಿನ ಮುಖ ಹೊತ್ತು ನನ್ನಲ್ಲಿಗೆ ಬರುತ್ತಾರೆ.

ಆ ಜನವರಿಯಲ್ಲಿ ಮೂರು ಗಾಡಿ ಬಂದವು.
ಮೂರರ ಹೊಟ್ಟೆಯಲ್ಲೂ ಒಂದೇ ಡಿಸ್ಕು:
ಸಲೈನಾದ ನಾಲ್ಕು ಹುಡುಗರ ರಾಕ್ ಬ್ಯಾಂಡು,
ಯೇಸುವಿಗೆ ಕಿವಿ ಮಂದವೇನೋ ಎಂಬಂತೆ ಕೂಗುವವರು.
ಆಲ್ಬಮ್ಮಿನ ಹೆಸರು 'ಉಪ್ಪಿನೊಳಗಣ ದೀಪ'.
ದೇವರ ಲೆಕ್ಕದಲ್ಲಿ ನಾನು ಫ್ಯೂಸು ಹೋದ ಪೈಕಿ;
ಸ್ಕ್ರೂ ಬಿಚ್ಚಿದೆ, ಅಷ್ಟೆ.

ವರ್ಲೀನ್ ಪೆಂಡರ್‌ಗ್ರಾಸ್, ಶಾಲೆ ಬಸ್ಸಿನ ಡ್ರೈವರು,
ತನ್ನ ಹಳೇ ಬ್ಯೂಕ್ ತಂದು ನಿಲ್ಲಿಸಿ
ಕೌಂಟರಿಗೆ ಮೊಣಕೈ ಊರಿ ಅಂದಳು:
"ಹೊರಗೆ ತೆಗೀಬೇಡ ಮಾರಾಯ, ಹಾಡೋ ಹಾಗೆ ಮಾಡಿದ್ರೆ ಸಾಕು.
ಏಳನೇ ಹಾಡಲ್ಲಿ, ಎಲ್ಲ ಸುಮ್ಮನಾಗೋ ಕಡೆ,
ಡ್ರಮ್ಮಿನ ಹುಡುಗ ಒಂದು ಸಲ ಕೆಮ್ತಾನೆ.
ಅಳಿಸಬಹುದಿತ್ತು. ಅಳಿಸಿಲ್ಲ ನೋಡು.
ನಲವತ್ತು ವರ್ಷ ಪಾದ್ರಿಗಳ ಮಾತು ಕೇಳಿದೀನಿ,
ಒಬ್ಬರಾದರೂ ನಡುವೆ ಕೆಮ್ಮಿದ್ದು ನೆನಪಿಲ್ಲ."

ಎಲ್ಡನ್ ಉನ್ರೂ ಗಣಿಯವನು. ಮಾತು ಕಮ್ಮಿ.
ಅಪ್ಪನ ಚರ್ಚಿನಲ್ಲಿ ಪಿಯಾನೊ ಕೂಡ ಪಾಪವಂತೆ,
ಬರಿಗಂಟಲ ನಾಲ್ಕು ಎಳೆ, ಅಷ್ಟೇ ಭಕ್ತಿ.
"ಪದಗಳೇನೂ ಅಂಥಾದ್ದಲ್ಲ" ಎಂದ,
"ಕೃಪೆ, ಕೃಪೆ, ಎಲ್ಲ ಸಾಲಿಗೂ ಅದೇ ಬಾಲ.
ಆದರೆ ಆ ಬಾಸ್ ಗಿಟಾರು..."
ಸೀಟಿನ ಕೆಳಗೆ ಅಂಗೈ ಇಟ್ಟು ತೋರಿಸಿದ,
ಇಲ್ಲಿಗೆ, ಇಲ್ಲಿಗೆ ಬರುತ್ತದೆ ಅಂತ.
ಲಿಫ್ಟು ಕತ್ತಲೊಳಗೆ ಇಳಿಯುವಾಗ
ಕಾಲಡಿ ಹಾಗೇ ನಡುಗುತ್ತದಂತೆ.
ದುಡ್ಡು ಎಣಿಸಿಟ್ಟು ಹೋದ.

ಮಾರಿಸೆಲ ಟ್ರೆವಿನ್ಯೊಗೆ ಹತ್ತೊಂಬತ್ತು ಇರಬಹುದು.
ಗಾಡಿ ಅಣ್ಣ ರೊಹೆಲಿಯೊನದು; ಅಣ್ಣ ಊರಂಚಿನ ಜೈಲಿನಲ್ಲಿ,
ಇನ್ನೂ ನಾಲ್ಕು ವರ್ಷ.
ಒಳಕ್ಕೆ ಡಿಸ್ಕು ಬಿಡುವುದಿಲ್ಲ. ಹಾಗಾಗಿ
ಭಾನುವಾರ ಬೇಲಿ ಪಕ್ಕ ಗಾಡಿ ನಿಲ್ಲಿಸಿ
ವಾರಕ್ಕೊಂದು ಹಾಡು
ಗಟ್ಟಿ ಮಾಡಿಕೊಂಡು ಒಳಗೆ ಹೋಗುತ್ತಾಳೆ.
ಭೇಟಿಯ ಮೇಜಿನ ಮೇಲೆ ಬೆರಳಲ್ಲಿ ಡ್ರಮ್ಮು,
ಗಿಟಾರು ಏರುವಲ್ಲಿ ಹುಬ್ಬು ಏರುತ್ತದೆ,
ಪಲ್ಲವಿ ಪಿಸುದನಿಯಲ್ಲಿ, ಕಾವಲಿನವರು ಬೈಯದಷ್ಟು.
ಹೀಗೆ ಹನ್ನೊಂದು ವಾರ.
ಒಂದು ಸಲವೂ ಕೇಳದ ಆಲ್ಬಮ್ಮು
ಅವನಿಗೆ ಬಾಯಿಪಾಠ.
"ತುಂಬ ಚೆನ್ನಾಗಿದೆ ಅಂತಾನೆ," ಅಂದಳು,
"ಹಾಡೋನ ಗಂಟಲು ಸ್ವಲ್ಪ ಹುಡುಗಿ ಥರ,
ಅದೊಂದೇ ದೂರು."

ಅವಳ ಡಿಸ್ಕು ಸುಲಭಕ್ಕೆ ಬರಲಿಲ್ಲ.
ಎಳೆಯುವಾಗ ನನ್ನ ಇಕ್ಕಳ ಜಾರಿ ಗೀರಿತು.
ರಾತ್ರಿ ಕದ ಹಾಕಿ, ಹೀಟರು ಹಚ್ಚಿ,
ಪರೀಕ್ಷೆಗೆಂದು ಹಾಕಿದೆ.
ಪರೀಕ್ಷೆಗೆ ಒಂದು ಹಾಡು ಸಾಕು. ಆರು ಕೇಳಿದೆ.
ಏಳನೆಯದು ಬಂತು; ಎಲ್ಲ ಸುಮ್ಮನಾಗುವ ಕಡೆ
ನಾನೂ ಉಸಿರು ಹಿಡಿದಿದ್ದೆ, ಯಾಕೋ.
ಟಕ್ಕೆಂದು ಹಾರಿ ಮುಂದಿನ ಸಾಲಿಗೆ ಬಿತ್ತು.
ಕೆಮ್ಮು ಇಲ್ಲ.

ಉಪ್ಪು ತಿಂದವನು ನೀರು ಕುಡಿಯಬೇಕು:
ಮಾರನೆ ದಿನ ತಪ್ಪು ಒಪ್ಪಿಕೊಂಡೆ, ದುಡ್ಡು ಬೇಡ ಅಂದೆ.
ಅವಳು ನಕ್ಕಳು. "ಆ ಕೆಮ್ಮು ಇರೋದು ಅವನ ಹತ್ತಿರ.
ನಾನು ಬೆರಳು ನಿಲ್ಲಿಸ್ತೀನಿ, ಅವನು ಕೆಮ್ತಾನೆ."
ಕೀ ತಿರುಗಿಸಿ ಹೊರಟಳು.

ವರ್ಲೀನಳ ಬ್ಯೂಕ್ ಅಂಗಡಿಯಲ್ಲೇ ಇತ್ತು,
ಕೆಲಸ ಮುಗಿದು ಎರಡು ದಿನವಾಗಿತ್ತು.
ಫೋನು ಮಾಡಿ, "ಪಾರ್ಟು ಬಂದಿಲ್ಲ,
ಶುಕ್ರವಾರ ಬಾ" ಅಂದೆ.