ಸೈಮಿ ಚಿಕ್ಕಮ್ಮನ ದುಪ್ಪಟಿಗಳು

ಮೇ ಹನ್ನೊಂದು, ರಾತ್ರಿ ಎರಡು ಗಂಟೆ. ಪೂರ್ತಿ ಕತ್ತಲಿಲ್ಲ,
ಈ ತಿಂಗಳು ಇಲ್ಲಿ ಸೂರ್ಯನದು ಕೋಳಿನಿದ್ದೆ.
ಹಳ್ಳ ಏರುತ್ತಿದೆ. ಅಳತೆಪಟ್ಟಿಯಲ್ಲಿ ಮೂವತ್ತೆಂಟು;
ಊಟಕ್ಕೆ ಮುಂಚೆ ಇಪ್ಪತ್ತೊಂದಿತ್ತು.
ಮಂಡಿಯೂರಿ ಬಾಟಲಿ ಅದ್ದುತ್ತೇನೆ, ಬಾಯಿ ಹರಿವಿಗೆ ಎದುರಾಗಿ.
ಮೂರು ಸಲ ತೊಳೆದು ಚೆಲ್ಲಿ
ನಾಲ್ಕನೆಯದನ್ನು ಉಳಿಸಿಕೊಳ್ಳಬೇಕು.
ಬೆರಳು ಬೇರೆ ಯಾರದೋ ಅನ್ನುವಷ್ಟು ಥಂಡಿ.

ಮಾರ್ಚಿನಲ್ಲಿ ಇದೇ ನೀರು ಗಾಜಿನ ಹಾಗಿತ್ತು,
ಮಂಜುಗಡ್ಡೆಯಡಿ, ಜಲ್ಲಿಯ ಆಳದಿಂದ
ಯಾರ ಗೊಡವೆಗೂ ಹೋಗದೆ ಬರುತ್ತಿತ್ತು.
ಈಗ ಹಿಮ ಕರಗಿ ದಾರಿ ಬದಲಿಸಿದೆ:
ಮೇಲ್ಪದರದೊಳಗೇ ನುಗ್ಗಿ
ಪಾಚಿ, ಬೇರು, ಪೈನಿನ ಸೂಜಿಯೆಲೆ,
ಸಾವಿರ ವರ್ಷ ಅರ್ಧ ಮಾತ್ರ ಕೊಳೆತು ಮಲಗಿದ ಜೌಗುಮಣ್ಣು,
ಎಲ್ಲದರ ಜೇಬು ತಡಕಿಕೊಂಡು ಬರುತ್ತಿದೆ.
ಬಾಟಲಿ ಎತ್ತಿ ಹಿಡಿದರೆ ಹಾಲಿಲ್ಲದ ಚಹಾ.
ಔಲುವಿನ ಪ್ರಯೋಗಾಲಯದ ಕಿರ್ಸಿಗೆ ಚಹಾ ಗಿಹಾ ಬೇಡ:
ಲೀಟರಿಗೆ ಇಷ್ಟು ಮಿಲಿಗ್ರಾಂ ಇಂಗಾಲ,
ಅಷ್ಟು ಬರೆದು ಕಳಿಸುತ್ತಾಳೆ.

ಸೈಮಿ ಚಿಕ್ಕಮ್ಮನ ಬಳಿ ಅಂಕಿ ಇರಲಿಲ್ಲ.
ದುಪ್ಪಟಿಗಳಿದ್ದವು.
ಇದೇ ತಿರುವಿನಲ್ಲಿ, ಇದೇ ಚಪ್ಪಡಿಯ ಮೇಲೆ,
ಚಳಿಗಾಲವಾದರೆ ಗಡ್ಡೆಗೆ ತೂತು ಕೊರೆದು ಒಗೆಯುತ್ತಿದ್ದಳು.
ನೆರೆಯಲ್ಲಿ ಒಗೆದದ್ದು ಹಳದಿ, ಚಳಿಯಲ್ಲಿ ಒಗೆದದ್ದು ಬಿಳಿ.
ಒಣ ಬೇಸಿಗೆಯಲ್ಲೂ ಬಿಳಿಯೇ, ಆದರೆ ನಂಬಬೇಡ ಅನ್ನುತ್ತಿದ್ದಳು,
ಬಿಸಿಲು ಕಾದಷ್ಟೂ ಜೌಗು ಒಳಗೊಳಗೇ ಬೇಯುತ್ತಿರುತ್ತೆ,
ಮೊದಲ ಮಳೆಗೆ ಬಾಕಿಯೆಲ್ಲ ಹೊರಗೆ, ಬಡ್ಡಿ ಸಮೇತ.
ಇಷ್ಟನ್ನೂ ಹೇಳಿದ್ದು
ಅಂಗಡಿಯ ಸೋಪನ್ನು ಬೈಯುತ್ತ.

ಆಮೇಲೆ ಮರದ ಕಂಪನಿಯವರು ಬಂದು ಕಾಲುವೆ ತೋಡಿದರು,
ಪೈನು ದಪ್ಪವಾಗಲೆಂದು ಜೌಗನ್ನು ಬಸಿದರು.
ಆ ವರ್ಷದಿಂದ ಚಳಿಗಾಲದ ದುಪ್ಪಟಿಗೂ ಬಣ್ಣ.
ಚಿಕ್ಕಮ್ಮ ಅರ್ಜಿ ಗಿರ್ಜಿ ಬರೆಯಲಿಲ್ಲ,
ಬಾವಿ ತೋಡಿಸಿದಳು.

ಅವಳ ಮರದ ಪೆಟ್ಟಿಗೆಯಲ್ಲಿ ಇನ್ನೂ ಹದಿನಾರು ಇವೆ,
ಮೂಲೆಯಲ್ಲಿ ಕೆಂಪು ದಾರದಲ್ಲಿ ಇಸವಿ.
ಹೋದ ವಾರ ಕಿರ್ಸಿಗೆ ಫೋನು ಮಾಡಿ ಕೇಳಿದೆ,
ಬಟ್ಟೆಯಿಂದ ಹಳ್ಳವನ್ನು ಓದಬಹುದಾ?
ನಕ್ಕಳು.
ನಗು ನಿಲ್ಲಿಸಿ, "ಒಂದೊಂದನ್ನೂ ಎಷ್ಟು ಸಲ ಒಗೆದಿದ್ದಾರೆ?" ಅಂದಳು.
ಗೊತ್ತಿಲ್ಲ. ಅದನ್ನು ಯಾರೂ ಬರೆದಿಟ್ಟಿಲ್ಲ.

ನಾಲ್ಕು ಗಂಟೆ. ನಲವತ್ತೊಂದು.
ನೀರಿನ ಶಾಖ ಒಂದೂವರೆ ಡಿಗ್ರಿ, ಮೊನ್ನೆಗಿಂತ ಒಂದು ಹೆಚ್ಚು.
ಆಚೆ ದಡದಲ್ಲಿ ಕೊಕ್ಕರೆಯೊಂದು ಕೂಗಿ ಸುಮ್ಮನಾಯಿತು.
ಬಾಟಲಿಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದು
ಕೈ ಒರೆಸಿದ ಕರ್ಚೀಫನ್ನು ಮಡಿಸಿ,
ಹಿಂಡದೆ, ತೊಳೆಯದೆ
ಜೇಬಿಗೆ ಹಾಕಿಕೊಳ್ಳುತ್ತೇನೆ.